ಲಿಸ್ಟ್ ಕಾಪಿ ಮಾಡಬೇಕೋ, ಹಂಚಿಕೊಳ್ಳಬೇಕೋ? ಪೈಥಾನ್ ಲ್ಯಾಬ್‌ನಲ್ಲಿ ಎದ್ದ ಪ್ರಶ್ನೆ

ಲ್ಯಾಬ್_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ಮೂರು ಸಾಲು, ಸಾಲಿಗೆ ಮೂರು ಮನೆ ಇರುವ ಆಟದ ಹಲಗೆ ಮಾಡಿ ಎಂದು ಹೇಳಿದ್ದೆ. ಸುಮಾರು ಜನ ಹೀಗೆ ಬರೆದರು:

ಹಲಗೆ = [[0] * 3] * 3
ಹಲಗೆ[0][0] = 1

ಒಂದೇ ಮನೆಯಲ್ಲಿ 1 ಬರಬೇಕಿತ್ತು. ಬಂದದ್ದು ಇದು:

[[1, 0, 0], [1, 0, 0], [1, 0, 0]]

ಮೂರು ಸಾಲು ಅಂತ ಕಾಣುವುದು ನಿಜವಾಗಿ ಒಂದೇ ಸಾಲು ಎಂದು ವಿವರಿಸಿದೆ. ತೊಂದರೆ ಶುರುವಾದದ್ದು ಆಮೇಲೆ. ಈಗ ಮಕ್ಕಳಿಗೆ ಲಿಸ್ಟ್ ಅಂದರೆ ಹೆದರಿಕೆ. ಪ್ರತಿ ಫಂಕ್ಷನ್‌ನ ಮೊದಲ ಸಾಲಿನಲ್ಲೂ ಡೀಪ್‌ಕಾಪಿ (ಒಳಗಿರುವುದನ್ನೂ ಸೇರಿಸಿ ಪೂರ್ತಿ ಕಾಪಿ) ಹಾಕುತ್ತಿದ್ದಾರೆ. ಒಬ್ಬಳು ಕೇಳಿದಳು: "ಸರ್, ಯಾವಾಗಲೂ ಡೀಪ್‌ಕಾಪಿ ಮಾಡಿಬಿಟ್ಟರೆ ತೊಂದರೆಯೇ ಇರೋದಿಲ್ಲ ಅಲ್ವಾ? ಹಾಗಿದ್ದರೆ ಭಾಷೆ ಮಾಡಿದವರೇ ಯಾಕೆ ಹಾಗೆ ಇಡಲಿಲ್ಲ?"

ಪ್ರಶ್ನೆ ಬಹಳ ಚೆನ್ನಾಗಿದೆ. ಸುಮ್ನೆ "ನಿಧಾನ ಆಗುತ್ತೆ" ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ನೀವೆಲ್ಲ ಕೆಲಸದಲ್ಲಿ ಇದನ್ನು ಹೇಗೆ ತೀರ್ಮಾನ ಮಾಡುತ್ತೀರಿ?

ಅಂದ ಹಾಗೆ, ವೇರಿಯಬಲ್‌ಗೆ ಕನ್ನಡ ಹೆಸರು ಇಟ್ಟಿದ್ದೇನೆ. 2008ರಲ್ಲಿ ಪೈಥಾನ್ 3.0 ಬಂದಾಗಿನಿಂದ ಇದಕ್ಕೆ ಅವಕಾಶ ಇದೆ. ಮೇಲಿನ ಎರಡು ಸಾಲು ಹಾಗೇ ರನ್ ಆಗುತ್ತವೆ. ಆದರೆ ಹೆಸರಿನ ಮಧ್ಯೆ ಒತ್ತಕ್ಷರ ಬಿಡಿಸಲು ಹಾಕುವ ಆ ಕಾಣದ ಅಕ್ಷರ ಬಂದರೆ ಎರರ್ ಬರುತ್ತದೆ. ಅಂಥ ಹೆಸರು ಬೇಡ.

ಹಳೇಬೇರು

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮೊದಲು ಬುಡದ ವಿಷಯ ಒಮ್ಮೆ ಬರೆದುಬಿಡುತ್ತೇನೆ, ಹೊಸದಾಗಿ ಓದುವವರಿಗೂ ಆಗುತ್ತದೆ.

ಪೈಥಾನ್‌ನಲ್ಲಿ = ಚಿಹ್ನೆ ಯಾವತ್ತೂ ಕಾಪಿ ಮಾಡುವುದಿಲ್ಲ. ಬಲಗಡೆ ಇರುವ ಆಬ್ಜೆಕ್ಟ್‌ಗೆ ಎಡಗಡೆಯ ಹೆಸರು ಇಡುತ್ತದೆ, ಅಷ್ಟೇ.

ಎ = [1, 2, 3]
ಬಿ = ಎ
ಬಿ[0] = 99

ಈಗ ಎ ಕೂಡ [99, 2, 3]. ಒಬ್ಬನೇ ಮನುಷ್ಯನನ್ನು ಮಗಳು ಅಪ್ಪ ಅನ್ನುತ್ತಾಳೆ, ತಂಗಿ ಅಣ್ಣ ಅನ್ನುತ್ತಾಳೆ. ಅವನು ತಿರುಪತಿಯಲ್ಲಿ ಮುಡಿ ಕೊಟ್ಟು ಬಂದರೆ ಅಪ್ಪನ ತಲೆಯೂ ಬೋಳು, ಅಣ್ಣನ ತಲೆಯೂ ಬೋಳು. ಹೆಸರು ಎರಡು, ತಲೆ ಒಂದೇ.

ಇದೇ ಜಾಗದಲ್ಲಿ ಬಿ = [7, 8] ಎಂದು ಬರೆದರೆ ಎ ಗೆ ಏನೂ ಆಗುವುದಿಲ್ಲ. ಬಿ ಅನ್ನುವ ಹೆಸರು ಬೇರೆ ಲಿಸ್ಟ್‌ಗೆ ಹೋಯಿತು. ಹೆಸರನ್ನು ಬದಲಿಸುವುದು ಬೇರೆ, ಆಬ್ಜೆಕ್ಟನ್ನು ಬದಲಿಸುವುದು ಬೇರೆ. ಮಕ್ಕಳು ಎಡವುವುದು ಇಲ್ಲೇ. ಎ = ಎ + [4] ಬರೆದರೆ ಹೊಸ ಲಿಸ್ಟ್ ಹುಟ್ಟುತ್ತದೆ. ಎ += [4] ಬರೆದರೆ ಇದ್ದ ಲಿಸ್ಟೇ ಉದ್ದವಾಗುತ್ತದೆ. ನೋಡಲು ಎರಡೂ ಒಂದೇ ಥರ. ಆದರೆ ಬಿ ಅದೇ ಲಿಸ್ಟನ್ನು ಹಿಡಿದಿದ್ದರೆ ಫಲ ಪೂರ್ತಿ ಬೇರೆ.

ಇನ್ನು ಕಾಪಿ. ಬಿ = ಎ[:] ಎಂದರೆ ಮೇಲ್ಪದರದ ಕಾಪಿ, ಅಂದರೆ ಶ್ಯಾಲೋ ಕಾಪಿ. ಪೈಥಾನ್ 3.3ರಿಂದ ಲಿಸ್ಟ್‌ಗೆ ಕಾಪಿ ಎಂಬ ಮೆಥಡ್ಡೇ ಇದೆ, ಅದೂ ಮಾಡುವುದು ಇಷ್ಟೇ. ಹೊರಗಿನ ಲಿಸ್ಟ್ ಹೊಸದು, ಒಳಗಿರುವುದೆಲ್ಲ ಹಳೆಯದೇ. ನಂಬರ್, ಸ್ಟ್ರಿಂಗ್ ಇದ್ದರೆ ಚಿಂತೆ ಇಲ್ಲ, ಅವನ್ನು ಯಾರೂ ಒಳಗಿಂದ ಬದಲಿಸಲಾಗುವುದಿಲ್ಲ. ಲಿಸ್ಟೊಳಗೆ ಲಿಸ್ಟ್ ಇದ್ದರೆ ಮಾತ್ರ ಕಷ್ಟ. ಹಲಗೆ[:] ಮಾಡಿದರೆ ಹಲಗೆ ಎರಡಾಗುತ್ತದೆ, ಸಾಲುಗಳು ಮಾತ್ರ ಎರಡರಲ್ಲೂ ಅವೇ.

ಡೀಪ್‌ಕಾಪಿ ಒಳಗೆ ಒಳಗೆ ಹೋಗಿ ಎಲ್ಲವನ್ನೂ ಹೊಸದಾಗಿ ಮಾಡುತ್ತದೆ. ಯಾವ ಆಬ್ಜೆಕ್ಟನ್ನು ಈಗಾಗಲೇ ಕಾಪಿ ಮಾಡಿಯಾಗಿದೆ ಎಂದು ಒಂದು ಡಿಕ್ಷನರಿಯಲ್ಲಿ ಗುರುತು ಇಟ್ಟುಕೊಂಡು ಸಾಗುತ್ತದೆ. ಅದಿಲ್ಲದಿದ್ದರೆ ತನ್ನನ್ನೇ ಒಳಗಿಟ್ಟುಕೊಂಡ ಲಿಸ್ಟ್ ಸಿಕ್ಕಾಗ ಸುತ್ತುತ್ತಲೇ ಇರಬೇಕಾಗುತ್ತಿತ್ತು. ಈ ಗುರುತಿನ ಕಾರಣಕ್ಕೆ ಇನ್ನೊಂದು ವಿಷಯವೂ ಆಗುತ್ತದೆ. ನಿಮ್ಮ ಮಕ್ಕಳ ಹಲಗೆಯನ್ನು ಡೀಪ್‌ಕಾಪಿ ಮಾಡಿ ನೋಡಿ. ಹೊಸ ಹಲಗೆಯಲ್ಲೂ ಮೂರು ಸಾಲು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ! ಮೂಲದಲ್ಲಿ ಹಂಚಿಕೆ ಇದ್ದರೆ ಕಾಪಿಯಲ್ಲೂ ಹಂಚಿಕೆ ಇರುತ್ತದೆ. ಹಾಗಾಗಿ ಡೀಪ್‌ಕಾಪಿ ಈ ಹಲಗೆಗೆ ಮದ್ದೇ ಅಲ್ಲ. ಹಲಗೆಯನ್ನು ಕಟ್ಟುವಾಗಲೇ [[0] * 3, [0] * 3, [0] * 3] ಎಂದು ಬೇರೆ ಬೇರೆ ಸಾಲು ಮಾಡಬೇಕು, ಅಥವಾ ಲಿಸ್ಟ್ ಕಾಂಪ್ರಹೆನ್ಷನ್ (ಒಂದೇ ಸಾಲಿನ ಲೂಪ್‌ನಿಂದ ಲಿಸ್ಟ್ ಕಟ್ಟುವ ರೀತಿ) ಬಳಸಬೇಕು.

ಲ್ಯಾಬ್_ಮೇಷ್ಟ್ರು

ಕೊನೆಯ ವಿಷಯ ಈಗ ಮಾಡಿ ನೋಡಿದೆ. ನಿಜ, ಡೀಪ್‌ಕಾಪಿ ಆದ ಹಲಗೆಯೂ ಮೂರು ಸಾಲಿನಲ್ಲಿ ಒಟ್ಟಿಗೆ ಬದಲಾಗುತ್ತಿದೆ. ನಾಳೆ ಇದನ್ನೇ ತೋರಿಸುತ್ತೇನೆ.

ಪರೀಕ್ಷೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ ಸರ್. "ಪೈಥಾನ್ ಪಾಸ್ ಬೈ ವ್ಯಾಲ್ಯೂನೋ, ಪಾಸ್ ಬೈ ರೆಫರೆನ್ಸೋ?" ಅಂದರೆ ಫಂಕ್ಷನ್‌ಗೆ ಹೋಗುವುದು ಬೆಲೆಯ ಕಾಪಿಯೋ, ಕರೆದವರ ವೇರಿಯಬಲ್ಲೇನೋ ಎಂದು. ಇದಕ್ಕೆ ಮಕ್ಕಳು ಏನು ಬರೆಯಬೇಕು?

ಹಳೇಬೇರು

ಎರಡೂ ಅಲ್ಲ. 1970ರ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು ಸಿಎಲ್‌ಯು ಎಂಬ ಭಾಷೆ ಮಾಡಿದರು. ಅದರಲ್ಲಿ ಈ ರೀತಿಗೆ ಕಾಲ್ ಬೈ ಶೇರಿಂಗ್ ಎಂದು ಕರೆದರು. ಕರೆದವರೂ ಕರೆಸಿಕೊಂಡ ಫಂಕ್ಷನ್ನೂ ಒಂದೇ ಆಬ್ಜೆಕ್ಟನ್ನು ಹಂಚಿಕೊಳ್ಳುತ್ತಾರೆ. ಫಂಕ್ಷನ್ ಆ ಲಿಸ್ಟ್‌ಗೆ ಏನಾದರೂ ಸೇರಿಸಿದರೆ ಹೊರಗೂ ಕಾಣುತ್ತದೆ. ಅದೇ ಫಂಕ್ಷನ್ ತನ್ನ ಪ್ಯಾರಾಮೀಟರ್ ಹೆಸರಿಗೆ ಹೊಸ ಲಿಸ್ಟ್ ಇಟ್ಟುಕೊಂಡರೆ ಹೊರಗೆ ಏನೂ ಆಗುವುದಿಲ್ಲ. ಮಕ್ಕಳು ಈ ಎರಡು ಉದಾಹರಣೆ ಬರೆದರೆ ಸಾಕು, ಯಾವ ಹಣೆಪಟ್ಟಿ ಹಚ್ಚಿದರೂ ವಿಷಯ ಗೊತ್ತಿದೆ ಎಂದು ಪೇಪರ್ ತಿದ್ದುವವರಿಗೆ ತಿಳಿಯುತ್ತದೆ. ಲಿಸ್ಕೋವ್ ಅವರಿಗೆ 2008ರ ಟ್ಯೂರಿಂಗ್ ಪ್ರಶಸ್ತಿ ಬಂತು ಎಂದೂ ಮಕ್ಕಳಿಗೆ ಹೇಳಿ, ಅವರ ಕೆಲಸ ಇವತ್ತಿಗೂ ನಮ್ಮ ದಿನದ ಕೋಡ್‌ನಲ್ಲಿದೆ.

ಡೇಟಾ_ಅಕ್ಕ

ನಾನು ದಿನವಿಡೀ ಪೈಥಾನ್‌ನ ಡೇಟಾ ಲೈಬ್ರರಿಗಳಾದ ನಂಪೈ, ಪಾಂಡಾಸ್‌ನಲ್ಲೇ ಇರುತ್ತೇನೆ. ಒಂದು ಎಚ್ಚರಿಕೆ ಹೇಳಲೇಬೇಕು. ಲಿಸ್ಟ್‌ನಲ್ಲಿ ಎ[1:3] ಕಾಪಿ. ನಂಪೈ ಅರೇಯಲ್ಲಿ ಅದೇ ಎ[1:3] ಕಾಪಿ ಅಲ್ಲ, ವ್ಯೂ. ಅದರಲ್ಲಿ ಬರೆದದ್ದು ಮೂಲಕ್ಕೂ ಹೋಗುತ್ತದೆ. ಅದೇ ಅರೇಯಲ್ಲಿ ಎ[[1, 2]] ಎಂದು ಇಂಡೆಕ್ಸ್‌ಗಳ ಲಿಸ್ಟ್ ಕೊಟ್ಟು ತೆಗೆದರೆ ಕಾಪಿ ಬರುತ್ತದೆ. ಲಿಸ್ಟ್ ಕಲಿತು ನೇರ ನಂಪೈಗೆ ಬಂದ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಹಾಗೆ ಇಟ್ಟದ್ದಕ್ಕೆ ಕಾರಣ ಇದೆ. 64 ಬಿಟ್‌ನ ಒಂದು ಕೋಟಿ ದಶಮಾಂಶ ಸಂಖ್ಯೆ ಅಂದರೆ 8 ಕೋಟಿ ಬೈಟ್, 80 ಎಂಬಿ. ಅದನ್ನು ತುಂಡು ಮಾಡಿದಾಗಲೆಲ್ಲ ಕಾಪಿ ಆದರೆ ಮೆಮೊರಿ ತುಂಬಿಹೋಗುತ್ತದೆ. ವ್ಯೂ ಅಂದರೆ ಎಲ್ಲಿಂದ ಶುರು, ಎಷ್ಟು ಉದ್ದ, ಎಷ್ಟು ಹೆಜ್ಜೆ ಎನ್ನುವ ಸಣ್ಣ ಮಾಹಿತಿ ಅಷ್ಟೇ.

ಪಾಂಡಾಸ್‌ನಲ್ಲಿ ಇದು ಬಹಳ ವರ್ಷ ಗೋಜಲಾಗಿತ್ತು. ಸಾಲುಗಳನ್ನು ಒಂದು ಷರತ್ತಿನಿಂದ ಆರಿಸಿ, ಅದರೊಳಗೆ ಮತ್ತೆ ಒಂದು ಕಾಲಂ ಆರಿಸಿ ಬೆಲೆ ಹಾಕಿದರೆ ಮೂಲ ಬದಲಾಯಿತೋ ಇಲ್ಲವೋ ಎಂದು ಹೇಳುವುದೇ ಕಷ್ಟ. ಅದಕ್ಕೆ ಆ ಪ್ರಸಿದ್ಧ ಎಚ್ಚರಿಕೆ ಬರುತ್ತಿತ್ತು: ಸೆಟ್ಟಿಂಗ್‌ವಿತ್‌ಕಾಪಿವಾರ್ನಿಂಗ್. ಈಗ ಅವರು ಕಾಪಿ ಆನ್ ರೈಟ್ ತಂದಿದ್ದಾರೆ. 1.5ರಲ್ಲಿ ಬೇಕಾದವರಿಗೆ ಎಂದು ಬಂತು, 3.0ರಲ್ಲಿ ಅದೇ ಡೀಫಾಲ್ಟ್. ಒಂದರಿಂದ ಇನ್ನೊಂದು ಟೇಬಲ್ ತೆಗೆದರೆ ಅದು ಕಾಪಿಯಂತೆ ನಡೆದುಕೊಳ್ಳುತ್ತದೆ. ಆದರೆ ನಿಜವಾದ ಕಾಪಿ ಆಗುವುದು ಯಾರಾದರೂ ಬರೆಯಲು ಹೊರಟಾಗ ಮಾತ್ರ. ಓದುತ್ತಲೇ ಇದ್ದರೆ ಖರ್ಚಿಲ್ಲ.

ನಿಮ್ಮ ಹುಡುಗಿಗೆ ಇದೂ ಒಂದು ಉತ್ತರ ಅಲ್ವಾ? "ಭಾಷೆಯವರೇ ಯಾಕೆ ಇಡಲಿಲ್ಲ" ಎಂದರೆ, ಕೆಲವರು ಇಟ್ಟಿದ್ದಾರೆ. ಸ್ವಿಫ್ಟ್‌ನ ಅರೇ, ಪಿಎಚ್‌ಪಿಯ ಅರೇ ಹೀಗೇ. ಆರ್ ಭಾಷೆಯ ವೆಕ್ಟರ್ ಕೂಡ. ಇನ್ನೊಂದು ಹೆಸರಿಗೆ ಕೊಟ್ಟು ಬದಲಿಸಿದರೆ ಮೊದಲಿನದು ಹಾಗೇ ಉಳಿಯುತ್ತದೆ.

ಜೆಎಸ್_ಹುಡುಗ

ಅಕ್ಕ, ಸ್ವಿಫ್ಟ್‌ನವರು ಪುಣ್ಯವಂತರು. ಜಾವಾಸ್ಕ್ರಿಪ್ಟ್ ಪೈಥಾನ್ ದಾರಿಯಲ್ಲೇ ಇದೆ. ಕಾನ್ಸ್ಟ್ ಎಂದು ಬರೆದರೂ ಹೆಸರಷ್ಟೇ ಗಟ್ಟಿ, ಅರೇಯ ಒಳಗೆ ಏನು ಬೇಕಾದರೂ ಬದಲಿಸಬಹುದು.

ಸ್ಕ್ರೀನ್ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಇದು ಉಲ್ಟಾ ರೂಪದಲ್ಲಿ ಕಾಡುತ್ತದೆ. ಸ್ಟೇಟ್‌ನಲ್ಲಿರುವ ಅರೇಗೆ ಒಂದು ಐಟಂ ತಳ್ಳಿ ಅದೇ ಅರೇಯನ್ನು ವಾಪಸ್ ಕೊಟ್ಟರೆ ಸ್ಕ್ರೀನ್ ಬದಲಾಗುವುದೇ ಇಲ್ಲ. ರಿಯಾಕ್ಟ್ ನೋಡುವುದು ರೆಫರೆನ್ಸ್ ಬದಲಾಗಿದೆಯಾ ಎಂದು ಮಾತ್ರ. ಹಾಗಾಗಿ ಅಲ್ಲಿ ಹೊಸ ಅರೇ ಕೊಡಲೇಬೇಕು. ಹಳೆಯ ಐಟಂಗಳನ್ನು ಹೊಸ ಅರೇಗೆ ಸುರಿಯುವ ಮೂರು ಚುಕ್ಕಿಯ ಸ್ಪ್ರೆಡ್ ಬಳಸುತ್ತೇವೆ. ಅದೂ ಶ್ಯಾಲೋ.

ಡೀಪ್ ಕಾಪಿಗೆ ಬಹಳ ಜನ ಇವತ್ತಿಗೂ ಡೇಟಾವನ್ನು ಜೇಸನ್‌ಗೆ (JSON, ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಹಾಕಿ ವಾಪಸ್ ತೆಗೆಯುತ್ತಾರೆ. ದಯವಿಟ್ಟು ಬಿಡಿ. ತಾರೀಖು ಸ್ಟ್ರಿಂಗ್ ಆಗುತ್ತದೆ. ಬೆಲೆ ಅನ್‌ಡಿಫೈನ್ಡ್ ಇರುವ ಕೀಗಳು ಕಾಣೆಯಾಗುತ್ತವೆ. ಮ್ಯಾಪ್ ಖಾಲಿ ಆಬ್ಜೆಕ್ಟ್ ಆಗುತ್ತದೆ. ಎರರ್ ಬರದೆ ಡೇಟಾ ಹಾಳಾಗುವುದು ಎಲ್ಲಕ್ಕಿಂತ ಕೆಟ್ಟದ್ದು. 2022ರ ಹೊತ್ತಿಗೆ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಡೀಪ್ ಕಾಪಿ ಮಾಡುವ ಸ್ಟ್ರಕ್ಚರ್ಡ್‌ಕ್ಲೋನ್ ಎಂಬ ಫಂಕ್ಷನ್ ಬಂದಿದೆ. ತಾರೀಖು, ಮ್ಯಾಪ್, ಸೆಟ್ ಎಲ್ಲವನ್ನೂ ಸರಿಯಾಗಿ ಮಾಡುತ್ತದೆ. ಒಳಗೆ ಫಂಕ್ಷನ್ ಸಿಕ್ಕರೆ ಆಗಲ್ಲ ಎಂದು ನೇರವಾಗಿ ಎರರ್ ಕೊಡುತ್ತದೆ.

ಸರ್ವರ್_ಕಡೆಯವ

ಗೋ ಭಾಷೆಯದ್ದೂ ಸೇರಿಸುತ್ತೇನೆ, ಏಕೆಂದರೆ ಕಾಪಿ ಆಗುತ್ತದೆಯೇ ಎಂದರೆ ಅಲ್ಲಿ ಉತ್ತರ "ಕೆಲವೊಮ್ಮೆ". ಗೋದಲ್ಲಿ ಅರೇ ಕಾಪಿ ಆಗುತ್ತದೆ. ಸ್ಲೈಸ್ ಅಂದರೆ ಮಾತ್ರ ಒಂದು ಪಾಯಿಂಟರ್ (ಡೇಟಾ ಇರುವ ಜಾಗದ ವಿಳಾಸ), ಒಂದು ಉದ್ದ, ಒಂದು ಕೆಪಾಸಿಟಿ (ಆ ಜಾಗದಲ್ಲಿ ಎಷ್ಟು ಹಿಡಿಸುತ್ತದೆ ಎಂಬುದು). 1, 2, 3, 4 ಇರುವ ಸ್ಲೈಸ್ ಎ ಇದೆ ಎನ್ನಿ. ಎ[:2] ತೆಗೆದು ಅದಕ್ಕೆ 99 ಅಪೆಂಡ್ ಮಾಡಿ. ಕೆಪಾಸಿಟಿ ಇನ್ನೂ 4 ಇರುವುದರಿಂದ ಹೊಸ ಜಾಗ ಬೇಕಾಗುವುದಿಲ್ಲ. 99 ಹೋಗಿ ಕೂರುವುದು ಎ ದ ಮೂರನೇ ಮನೆಯಲ್ಲಿ. ಎ ಈಗ 1, 2, 99, 4. ಕೆಪಾಸಿಟಿ ತುಂಬಿದ್ದರೆ ಹೊಸ ಅರೇ ಹುಟ್ಟಿ ಎ ಉಳಿದುಕೊಳ್ಳುತ್ತಿತ್ತು. ಅಂದರೆ ಅದೇ ಕೋಡ್, ಡೇಟಾದ ಉದ್ದ ನೋಡಿ ಬೇರೆ ಥರ ನಡೆಯುತ್ತದೆ. ಟೆಸ್ಟ್‌ನಲ್ಲಿ ಪಾಸ್, ಪ್ರೊಡಕ್ಷನ್‌ನಲ್ಲಿ ಫೇಲ್. ಎ[:2:2] ಎಂದು ಕೆಪಾಸಿಟಿಯನ್ನೂ ಕಟ್ಟಿಹಾಕಿದರೆ ಅಪೆಂಡ್ ಹೊಸ ಜಾಗಕ್ಕೇ ಹೋಗುತ್ತದೆ. ಗೋ 1.21ರಿಂದ ಸ್ಲೈಸಸ್ ಪ್ಯಾಕೇಜಿನಲ್ಲಿ ಕ್ಲೋನ್ ಕೂಡ ಇದೆ.

ರ‍್ಯಾಮ್_ಸಾಕು

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ ಸ್ವಾಮಿ? ಇವತ್ತು ಲ್ಯಾಪ್‌ಟಾಪ್‌ನಲ್ಲೇ 16 ಜಿಬಿ ಇರುತ್ತದೆ. ಬಗ್ ಹುಡುಕಲು ಹೋಗುವ ಸಮಯದ ಮುಂದೆ ಕಾಪಿಯ ಖರ್ಚು ಏನೂ ಅಲ್ಲ. ಮೊದಲು ಎಲ್ಲ ಕಡೆ ಡೀಪ್‌ಕಾಪಿ ಮಾಡಲಿ. ನಿಧಾನ ಅನ್ನಿಸಿದ ಕಡೆ ಮಾತ್ರ ತೆಗೆಯಲಿ. ಮೇಷ್ಟ್ರ ಮಕ್ಕಳು ಮಾಡುತ್ತಿರುವುದೇ ಸರಿ ಎಂದು ನನ್ನ ಅಭಿಪ್ರಾಯ.

ಖಾತೆ_ಕೋಡ್

ಇದನ್ನು ನಾನು ಒಪ್ಪುವುದಿಲ್ಲ. ನಿಧಾನ, ಮೆಮೊರಿ ಎಲ್ಲ ಪಕ್ಕಕ್ಕಿಡಿ. ಕಂಪ್ಯೂಟರ್ ಎಷ್ಟೇ ವೇಗವಾಗಿರಲಿ, ಎಲ್ಲ ಕಡೆ ಡೀಪ್‌ಕಾಪಿ ಮಾಡಿದರೆ ಪ್ರೋಗ್ರಾಂ ತಪ್ಪಾಗುತ್ತದೆ. ನಿಧಾನ ಆಗುವುದಲ್ಲ, ತಪ್ಪಾಗುತ್ತದೆ.

ಬಸ್ ಸೀಟ್ ಚಾರ್ಟ್ ತೆಗೆದುಕೊಳ್ಳಿ. ಬುಕ್ ಮಾಡುವ ಫಂಕ್ಷನ್ ಚಾರ್ಟನ್ನು ಡೀಪ್‌ಕಾಪಿ ಮಾಡಿಕೊಂಡು 12ನೇ ಸೀಟ್ ತುಂಬಿದೆ ಎಂದು ಗುರುತು ಹಾಕುತ್ತದೆ. ಗುರುತು ಬಿದ್ದದ್ದು ಕಾಪಿಯಲ್ಲಿ. ಮೂಲ ಚಾರ್ಟ್‌ನಲ್ಲಿ ಸೀಟ್ ಇನ್ನೂ ಖಾಲಿ. ಮುಂದಿನವರಿಗೂ ಅದೇ ಸೀಟ್ ಸಿಗುತ್ತದೆ. ಬ್ಯಾಂಕ್ ಖಾತೆಯೂ ಹಾಗೇ. ಖಾತೆಯ ಆಬ್ಜೆಕ್ಟ್ ಎರಡಾದರೆ ಬ್ಯಾಲೆನ್ಸ್ ಎರಡು, ಅದರಲ್ಲಿ ಒಂದು ಸುಳ್ಳು.

ಇನ್ನೂ ಮೆಲ್ಲಗೆ ಕಚ್ಚುವ ಉದಾಹರಣೆ ಇದೆ. ನೂರು ವಿದ್ಯಾರ್ಥಿ ಆಬ್ಜೆಕ್ಟ್‌ಗಳಿವೆ. ಎಲ್ಲರೂ ಒಂದೇ ವಿಭಾಗದ ಆಬ್ಜೆಕ್ಟನ್ನು ಹಿಡಿದಿದ್ದಾರೆ. ಒಬ್ಬ ವಿದ್ಯಾರ್ಥಿಯನ್ನು ಡೀಪ್‌ಕಾಪಿ ಮಾಡಿದರೆ ಅವನ ಜೊತೆ ಇಡೀ ವಿಭಾಗವೂ ಕಾಪಿ ಆಗುತ್ತದೆ. ನಾಳೆ ವಿಭಾಗದ ಫೋನ್ ನಂಬರ್ ಬದಲಿಸಿದರೆ ಆ ಒಬ್ಬನಿಗೆ ಹಳೇ ನಂಬರೇ ಉಳಿಯುತ್ತದೆ. ಡೀಪ್‌ಕಾಪಿಯ ಗುರುತಿನ ಡಿಕ್ಷನರಿ ಒಂದು ಸಲದ ಕರೆಗೆ ಮಾತ್ರ. ಎರಡು ಸಲ ಕರೆದರೆ ಎರಡು ವಿಭಾಗ.

ಹಾಗಾಗಿ ಮೇಷ್ಟ್ರೇ, ಮಕ್ಕಳಿಗೆ ಕಾಪಿ ಬೇಕಾ ಬೇಡವಾ ಎಂದು ಮೊದಲು ಕೇಳಬೇಡಿ. "ಇದು ಒಂದೇ ಇರಬೇಕಾದ ವಸ್ತುವೋ, ಬರೀ ಒಂದು ಬೆಲೆಯೋ?" ಎಂದು ಕೇಳಿ. ಸೀಟ್ ಚಾರ್ಟ್, ಖಾತೆ, ವಿಭಾಗ ಇವು ವಸ್ತುಗಳು. ಹಂಚಿಕೊಳ್ಳುವುದೇ ಅವುಗಳ ಅರ್ಥ. ಅಲ್ಲಿ ತೀರ್ಮಾನ ಮಾಡಬೇಕಾದ್ದು ಬದಲಿಸುವ ಹಕ್ಕು ಯಾರಿಗೆ ಎಂದು. ತಾರೀಖು, ಮೊತ್ತ, ಅಂಕ, ಬಣ್ಣ ಇವು ಬೆಲೆಗಳು. ಇವನ್ನು ಒಳಗಿಂದ ಬದಲಿಸಲು ಬಿಡಲೇಬಾರದು. ಆಗ ಎಷ್ಟು ಜನ ಹಂಚಿಕೊಂಡರೂ ತೊಂದರೆ ಇಲ್ಲ, ಕಾಪಿಯೂ ಬೇಡ.

ಜಾವಾದವರು ಇದನ್ನು ಕಷ್ಟಪಟ್ಟೇ ಕಲಿತರು. ಮೊದಲಿನ ಡೇಟ್ ಕ್ಲಾಸ್ ಒಳಗಿಂದ ಬದಲಾಗುತ್ತಿತ್ತು. ಒಬ್ಬರಿಗೆ ತಾರೀಖು ಕೊಟ್ಟರೆ ಅವರು ನಮ್ಮ ಒಳಗಿನ ತಾರೀಖನ್ನೇ ತಿದ್ದಬಹುದಿತ್ತು. ಅದಕ್ಕೆ ಕೊಡುವಾಗೊಮ್ಮೆ, ತೆಗೆದುಕೊಳ್ಳುವಾಗೊಮ್ಮೆ ಕಾಪಿ ಮಾಡಿ ಎಂದು ಹೇಳುತ್ತಿದ್ದರು. 2014ರಲ್ಲಿ ಜಾವಾ 8ರ ಜೊತೆ ಬಂದ ಹೊಸ ತಾರೀಖು ಕ್ಲಾಸ್‌ಗಳು ಬದಲಾಗುವುದೇ ಇಲ್ಲ. ಆ ಕಾಪಿಗಳೆಲ್ಲ ಒಮ್ಮೆಗೇ ಬೇಡವಾದವು.

ರ‍್ಯಾಮ್_ಸಾಕು

ಸೀಟ್ ಚಾರ್ಟ್ ಉದಾಹರಣೆ ಒಪ್ಪಿದೆ, ಅದು ನನ್ನ ಮಾತಿಗೆ ಸರಿಯಾದ ಉತ್ತರ. ಆದರೆ ನಡುವೆ ಬರುವವುಗಳಿಗೆ ಏನು ಮಾಡುವುದು? ಅಂಕಗಳ ಒಂದು ಲಿಸ್ಟ್ ಇದೆ. ಅದು ವಸ್ತುವೂ ಅಲ್ಲ, ಬದಲಾಗದ ಬೆಲೆಯೂ ಅಲ್ಲ. ಫಂಕ್ಷನ್‌ಗೆ ಕೊಟ್ಟರೆ ಅದನ್ನು ಸಾರ್ಟ್ ಮಾಡಬೇಕು.

ಖಾತೆ_ಕೋಡ್

ಕಾಪಿಯ ಜಾಗ ಇದೇ. ಇಂಥ ಕಡೆ ನಾನು ನೋಡುವುದು ಪೈಥಾನ್‌ನದ್ದೇ ಒಂದು ಒಳ್ಳೆಯ ರೂಢಿಯನ್ನು. ಲಿಸ್ಟ್‌ನ ಸಾರ್ಟ್ ಮೆಥಡ್ ಇದ್ದ ಲಿಸ್ಟನ್ನೇ ಜೋಡಿಸುತ್ತದೆ, ವಾಪಸ್ ಕೊಡುವುದು None, ಅಂದರೆ ಏನೂ ಇಲ್ಲ. ಸಾರ್ಟೆಡ್ ಫಂಕ್ಷನ್ ಹೊಸ ಲಿಸ್ಟ್ ಕೊಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ನಾವು ಬರೆಯುವ ಫಂಕ್ಷನ್ ಈ ಎರಡರಲ್ಲಿ ಒಂದಾಗಿರಬೇಕು. ಬದಲಿಸುತ್ತದೆ ಎಂದರೆ ಏನೂ ವಾಪಸ್ ಕೊಡಬಾರದು. ವಾಪಸ್ ಕೊಡುತ್ತದೆ ಎಂದರೆ ಬಂದದ್ದನ್ನು ಮುಟ್ಟಬಾರದು. ಹೆಸರಲ್ಲೂ ಅದು ಗೊತ್ತಾಗಬೇಕು.

ಫಂಕ್ಷನ್ ಒಳಗೆ ನಾನೇ ಹೊಸದಾಗಿ ಮಾಡಿದ ಲಿಸ್ಟನ್ನು ಎಷ್ಟು ಬೇಕಾದರೂ ಬದಲಿಸುತ್ತೇನೆ. ಅದು ಇನ್ನೂ ಯಾರ ಕೈಗೂ ಹೋಗಿಲ್ಲ. ಹೊರಗಿನವರಿಂದ ಬಂದದ್ದನ್ನು ಬಹಳ ಹೊತ್ತು ಇಟ್ಟುಕೊಳ್ಳುವುದಿದ್ದರೆ ಒಳಗೆ ಬರುವ ಬಾಗಿಲಲ್ಲೇ ಒಂದು ಸಲ ಕಾಪಿ. ಓದಿ ಬಿಡುವುದಿದ್ದರೆ ಕಾಪಿ ಬೇಡ.

ಜೆಎಸ್_ಹುಡುಗ

ಜಾವಾಸ್ಕ್ರಿಪ್ಟ್‌ನ ಸಾರ್ಟ್ ಇದೇ ರೂಢಿಯನ್ನು ಮುರಿಯುತ್ತದೆ. ಇದ್ದ ಅರೇಯನ್ನೇ ಜೋಡಿಸಿ, ಅದನ್ನೇ ವಾಪಸ್ಸೂ ಕೊಡುತ್ತದೆ. ಹೊಸದು ಬಂತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 2023ರ ಸ್ಟ್ಯಾಂಡರ್ಡ್‌ನಲ್ಲಿ ಟುಸಾರ್ಟೆಡ್ ಬಂದಮೇಲೆ ಸಮಾಧಾನ ಆಯಿತು. ರಿಯಾಕ್ಟ್ ಬರೆಯುವವರು ಅದನ್ನೇ ಬಳಸಿ.

ಡೇಟಾ_ಅಕ್ಕ

ಮೇಷ್ಟ್ರೇ, ಕ್ಲಾಸಿಗೆ ಒಂದು ಒಗಟು ಕೊಡುತ್ತೇನೆ. ಟ್ಯೂಪಲ್ (ದುಂಡು ಕಂಸದಲ್ಲಿ ಬರೆಯುವ, ಲಿಸ್ಟ್‌ನಂಥದ್ದು) ಬದಲಾಗುವುದಿಲ್ಲ ಎಂದು ಹೇಳಿಕೊಡುತ್ತೀರಲ್ಲ:

ಜೋಡಿ = ([1, 2], 3)
ಜೋಡಿ[0] += [4]

ಎರರ್ ಬರುತ್ತದೆ. ಆಮೇಲೆ ಜೋಡಿ ಏನಿದೆ ನೋಡಿ: ([1, 2, 4], 3). ಎರರ್ ಕೂಡ ಬಂತು, ಕೆಲಸವೂ ಆಯಿತು! += ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೊದಲು ಒಳಗಿನ ಲಿಸ್ಟನ್ನು ಉದ್ದ ಮಾಡುತ್ತದೆ, ಅದು ಆಗುತ್ತದೆ. ಆಮೇಲೆ ಅದನ್ನು ಜೋಡಿ[0]ಗೆ ಮತ್ತೆ ಇಡಲು ಹೋಗುತ್ತದೆ, ಅದಕ್ಕೆ ಟ್ಯೂಪಲ್ ಬಿಡುವುದಿಲ್ಲ. ಟ್ಯೂಪಲ್ ಬದಲಾಗದು ಎಂದರೆ ಅದು ಯಾವುದನ್ನು ಹಿಡಿದಿದೆ ಎನ್ನುವುದು ಬದಲಾಗದು, ಅಷ್ಟೇ. ಹಿಡಿದಿರುವ ಲಿಸ್ಟ್ ಬದಲಾಗಬಹುದು.

ಲ್ಯಾಬ್_ಮೇಷ್ಟ್ರು

ಒಗಟು ಬಹಳ ಹಿಡಿಸಿತು. ಸೀಟ್ ಚಾರ್ಟನ್ನು ಮುಂದಿನ ಲ್ಯಾಬ್‌ಗೆ ಇಡುತ್ತೇನೆ. ಎಲ್ಲರಿಗೂ ಎರಡು ಫಂಕ್ಷನ್ ಬರೆಯಲು ಹೇಳುತ್ತೇನೆ: ಚಾರ್ಟ್ ಬದಲಿಸುವುದು ಒಂದು, ಖಾಲಿ ಸೀಟ್‌ಗಳ ಹೊಸ ಲಿಸ್ಟ್ ಕೊಡುವುದು ಇನ್ನೊಂದು.

ಆ ಹುಡುಗಿ ಇನ್ನೊಂದು ಕೇಳಿದ್ದಾಳೆ. ಲಾಗ್ ಬರೆಯಲು ಅವಳ ಕ್ಲಾಸ್ ಒಂದು ತೆರೆದ ಫೈಲನ್ನು ಇಟ್ಟುಕೊಂಡಿದೆ. ಆ ಆಬ್ಜೆಕ್ಟನ್ನು ಡೀಪ್‌ಕಾಪಿ ಮಾಡಿದರೆ ಪಿಕಲ್ ಮಾಡಲಾಗದು ಎಂದು ಎರರ್ ಬರುತ್ತಿದೆ. ಆಬ್ಜೆಕ್ಟನ್ನು ಬೈಟ್‌ಗಳಾಗಿ ಮಾಡಿ ಉಳಿಸುವ ಪೈಥಾನ್‌ನ ಆ ಪಿಕಲ್ ಅನ್ನು ಅವಳು ಬಳಸಿಯೇ ಇಲ್ಲ.

ಹಳೇಬೇರು

ಡೀಪ್‌ಕಾಪಿಗೆ ಒಂದು ಆಬ್ಜೆಕ್ಟನ್ನು ಹೇಗೆ ಬಿಚ್ಚಿ ಕಟ್ಟುವುದು ಎಂದು ಗೊತ್ತಿಲ್ಲದಿದ್ದಾಗ ಅದು ಪಿಕಲ್ ಬಳಸುವ ದಾರಿಯನ್ನೇ ಹಿಡಿಯುತ್ತದೆ. ತೆರೆದ ಫೈಲ್, ಲಾಕ್, ಸಾಕೆಟ್ ಇವು ಆಪರೇಟಿಂಗ್ ಸಿಸ್ಟಮ್ ಕೊಟ್ಟ ವಸ್ತುಗಳು. ಇವನ್ನು ಮೆಮೊರಿಯಲ್ಲಿ ಕಾಪಿ ಮಾಡಲು ಬರುವುದಿಲ್ಲ. ಖಾತೆ_ಕೋಡ್ ಅವರು ಹೇಳಿದ "ಒಂದೇ ಇರಬೇಕಾದ ವಸ್ತು"ವಿಗೆ ಇದೂ ಸೇರುತ್ತದೆ.

ಎರಡು ದಾರಿ ಇವೆ. ಕ್ಲಾಸ್‌ನಲ್ಲಿ ಡೀಪ್‌ಕಾಪಿಗೆಂದೇ ಇರುವ ವಿಶೇಷ ಮೆಥಡ್ ಬರೆದು, ಫೈಲನ್ನು ಹಾಗೇ ಹಂಚಿ ಉಳಿದದ್ದನ್ನು ಕಾಪಿ ಮಾಡಬಹುದು. ನನಗೆ ಇಷ್ಟವಾಗುವುದು ಇನ್ನೊಂದು: ಫೈಲನ್ನು ಆ ಕ್ಲಾಸ್‌ನಿಂದ ಹೊರಗೆ ತೆಗೆದು, ಬರೆಯುವ ಫಂಕ್ಷನ್‌ಗೆ ಪ್ಯಾರಾಮೀಟರ್ ಆಗಿ ಕೊಡುವುದು. ಆಗ ಕ್ಲಾಸ್‌ನಲ್ಲಿ ಬರೀ ಡೇಟಾ ಉಳಿಯುತ್ತದೆ, ಕಾಪಿಯೂ ಸಲೀಸು, ಟೆಸ್ಟ್ ಬರೆಯುವುದೂ ಸಲೀಸು. ಅವಳ ಕೋಡ್ ಇಲ್ಲಿ ಹಾಕಲು ಹೇಳಿ, ಎಲ್ಲಿ ತೆಗೆಯಬೇಕು ಎಂದು ನೋಡಿ ಹೇಳುತ್ತೇನೆ.